ಅಮಾವಾಸ್ಯೆಯಂದೂ ನಿಲ್ಲದ ಮಗ್ಗ

ಮಗ್ಗದ ಮನೆಯಲ್ಲಿ ಹುಟ್ಟಿದ ಮಗು ತುಟಿಯ ಭಾಷೆಯನ್ನು ಮೊದಲು ಕಲಿಯುತ್ತದೆ, ಕಿವಿಯ ಭಾಷೆಯನ್ನು ಆಮೇಲೆ. ದೊಡ್ಡಬಳ್ಳಾಪುರದಲ್ಲಿ ಚೌಡೇಶ್ವರಿಯ ಗುಡಿಗೆ ಹಿಂದಾಗಿರುವ ಬೀದಿಯ ಕೋದಂಡರಾಮಯ್ಯನವರ ಮನೆಯೂ ಅಂಥದೇ. ಮುಂದೆ ವಾಸದ ಮನೆ, ಹಿಂದೆ ಆರು ವಿದ್ಯುತ್ ಮಗ್ಗಗಳ ಶೆಡ್ಡು, ಎರಡರ ನಡುವೆ ಒಂದು ಬಾಗಿಲು. ಮಗ್ಗಗಳು ಓಡುತ್ತಿರುವಾಗ ಆ ಬಾಗಿಲಿನಿಂದಾಚೆ ಮಾತಿಗೆ ಪ್ರವೇಶವಿಲ್ಲ. ಎಳೆ ಕಡಿದರೆ ತೋರುಬೆರಳು ಮೇಲೇಳುತ್ತದೆ. ಮಗ್ಗ ನಿಲ್ಲಿಸಬೇಕಾದರೆ ಅಂಗೈ ಅಗಲವಾಗುತ್ತದೆ. ಊಟಕ್ಕೆ ಏಳಿ ಎನ್ನುವುದಕ್ಕೆ ಐದು ಬೆರಳು ಕೂಡಿ ಬಾಯಿಗೆ ಹೋಗುತ್ತವೆ. ಉಳಿದುದೆಲ್ಲವೂ ತುಟಿಯ ಚಲನೆಯಲ್ಲೇ ತಿಳಿಯಬೇಕು. ಈ ಮನೆಯವರು ಬೇರೆ ಊರಿಗೆ ಮದುವೆಗೆ ಹೋದರೆ ಅಲ್ಲಿಯವರು, "ಯಾಕೆ ಜಗಳ ಆಡ್ತಿದೀರ?" ಎಂದು ಕೇಳುವುದುಂಟು. ಜಗಳವಲ್ಲ, ಇವರ ಸಹಜವಾದ ದನಿಯೇ ಅದು.

ಕೋದಂಡರಾಮಯ್ಯನವರ ಕೈಹಿಡಿದು ಈ ಮನೆಯ ಹಿರಿಯ ಸೊಸೆಯಾಗಿ ಬಂದ ಆದಿಲಕ್ಷ್ಮಮ್ಮನ ಕೆಲಸ ಹಾಸು ಕೂಡಿಸುವುದು. ಮಗ್ಗದ ಮೇಲಿನ ಹಾಸು, ಎಂದರೆ ಉದ್ದಕ್ಕೆ ಹಾಸಿದ ಎಳೆಗಳು, ಮುಗಿಯುತ್ತ ಬಂದಾಗ, ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಒಂದು ತಪ್ಪಿದರೂ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಆಕೆ ಕೂಡಿಸಿದ ಹಾಸಿನಲ್ಲಿ ಗೆರೆ ಕಂಡವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಆಕೆಗೂ ಅದು ಗೊತ್ತಿತ್ತು, ಗೊತ್ತಿಲ್ಲವೆಂದು ಆಕೆ ನಟಿಸುತ್ತಲೂ ಇರಲಿಲ್ಲ.

ಪುಷ್ಯ ಮಾಸದ ಬನದ ಹುಣ್ಣಿಮೆಯಂದು ತಾಯಿ ಚೌಡೇಶ್ವರಿಗೆ ಉಡಿಸುವ ಸೀರೆ ಈ ಮನೆಯ ಮಗ್ಗದಿಂದ ಹೋಗತಕ್ಕದ್ದು. ಅದು ಕೋದಂಡರಾಮಯ್ಯನವರ ತಾತನ ಕಾಲದ ನೇಮ. ಆ ಸೀರೆಯ ಹಾಸಿಗೆ ಹೊರಗಿನವರ ಬೆರಳು ತಾಕಬಾರದು. ಹಿರಿಯ ಸೊಸೆಯೇ ಕೂಡಿಸಬೇಕು, ಕೂಡಿಸಲು ಕುಳಿತವಳು ನಡುವೆ ಎಳೆಯನ್ನು ಬಿಟ್ಟು ಇನ್ನೊಬ್ಬರ ಕೈಗೆ ಒಪ್ಪಿಸಬಾರದು.

ದೀಪಾವಳಿ ಕಳೆದ ವಾರ, ಮೂರನೆಯ ಮಗ್ಗದ ಮುಂದೆ ಕುಳಿತಿದ್ದ ಆದಿಲಕ್ಷ್ಮಮ್ಮನ ಕಣ್ಣೆದುರು ಎಳೆಗಳೆಲ್ಲ ಒಮ್ಮೆಲೇ ಬಲಕ್ಕೆ ಹರಿಯತೊಡಗಿದವು. ಆಮೇಲೆ ಗೋಡೆ ಹರಿಯಿತು, ಸೂರು ಹರಿಯಿತು. ಹಿಡಿದುಕೊಳ್ಳಲು ಚಾಚಿದ ಕೈ ಹಾಸಿನ ಮೇಲೆಯೇ ಬಿತ್ತು. ಮಗ ರವಿಶಂಕರ್ ಓಡಿಬಂದು ಎತ್ತಿ, ನಡುಮನೆಗೆ ತಂದು ಮಲಗಿಸಿದ. ಎರಡು ಸಲ ವಾಂತಿಯಾಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ತಾನಾಗಿಯೇ ಎದ್ದು ಕುಳಿತು, "ಎಳೆ ಎಷ್ಟು ಕಡಿದ್ವು?" ಎಂದು ಕೇಳಿದಳು.

"ಎಳೆ ಮನೆ ಹಾಳಾಗ್ಲಿ ಅಮ್ಮ. ಡಾಕ್ಟ್ರ ಹತ್ರ ನಡಿ."

"ಪಿತ್ತ ಕಣೋ. ಬೆಳಗ್ಗೆ ಎರಡು ಲೋಟ ಕಾಫಿ ಕುಡಿದೆ," ಎಂದಳು ಆಕೆ.

ಆದರೆ ಪಿತ್ತ ನಾಲ್ಕೈದು ದಿನಕ್ಕೆ ಮತ್ತೆ ಬಂತು. ಊರಿನ ಡಾಕ್ಟರು ರಕ್ತದೊತ್ತಡ ನೋಡಿದರು, ಸರಿಯಾಗಿತ್ತು. ಸಕ್ಕರೆ ನೋಡಿದರು, ಅದೂ ಸರಿಯಾಗಿತ್ತು. ತಲೆಸುತ್ತಿಗೆ ಒಂದು ಮಾತ್ರೆ ಬರೆಯುತ್ತ, "ಕಿವಿ ಚೆನ್ನಾಗಿ ಕೇಳ್ಸುತ್ತಾ ಅಮ್ಮ?" ಎಂದರು.

ಆದಿಲಕ್ಷ್ಮಮ್ಮ ಬಾಯಿ ತೆರೆಯುವುದರೊಳಗೆ ಪಕ್ಕದಲ್ಲಿದ್ದ ಕೋದಂಡರಾಮಯ್ಯನವರು ನಕ್ಕರು. "ಮಗ್ಗದೋರಿಗೆ ಕಿವಿ ಯಾಕೆ ಸ್ವಾಮಿ? ನಮ್ಮ ಬೀದೀಲಿ ಯಾರಿಗೂ ಪೂರ್ತಿ ಕೇಳ್ಸಲ್ಲ. ಅದು ನಮ್ಮ ಕುಲಕಸುಬಿನ ಗುರುತು. ತಲೆಸುತ್ತಿಂದು ಹೇಳಿ."

ಡಾಕ್ಟರು ತಲೆಸುತ್ತಿನದನ್ನೇ ಹೇಳಿದರು.

ಎದುರುಮನೆಯ ಕೆಂಪರಾಜು ಬಂದು, ದಿನವಿಡೀ ತಲೆ ಬಗ್ಗಿಸಿ ಕೂರುವವರಿಗೆ ಕುತ್ತಿಗೆಯ ಮೂಳೆ ಸವೆದೇ ತಲೆ ತಿರುಗುವುದೆಂದೂ, ತನ್ನ ಭಾವನಿಗೂ ಹೀಗೆಯೇ ಆಗಿತ್ತೆಂದೂ ಖಂಡಿತವಾಗಿ ಹೇಳಿದ. ಹಾಗೆ ಮೂಳೆಯ ಡಾಕ್ಟರ ಬಳಿಗೆ ಹೋದದ್ದಾಯಿತು. ಅವರು ತೆಗೆಸಿದ ಎಕ್ಸ್‌ರೇ ಪಟದಲ್ಲಿ ಕುತ್ತಿಗೆ ವಯಸ್ಸಿಗೆ ತಕ್ಕಷ್ಟು ಸವೆದಿತ್ತು. ಅವರು ಕೊಟ್ಟ ಕುತ್ತಿಗೆಯ ಪಟ್ಟಿಯನ್ನು ಕಟ್ಟಿಕೊಂಡು ಆದಿಲಕ್ಷ್ಮಮ್ಮ ಹಸುವಿನಂತೆ ತಲೆಯೆತ್ತಿ ತಿರುಗಾಡಿದಳು. ಮೊಮ್ಮಗಳು ಕೀರ್ತನ, "ಅಜ್ಜಿ, ಗಂಟೆ ಒಂದು ಕಟ್ಟಿಬಿಡಲಾ?" ಎಂದಳು. ಪಟ್ಟಿ ಕಟ್ಟಿಕೊಂಡೇ ಆಕೆ ಮತ್ತೆ ಬಿದ್ದಳು, ಈ ಸಲ ಅಡಿಗೆಮನೆಯಲ್ಲಿ, ಕುದಿಯುವ ಸಾರಿನ ಪಕ್ಕಕ್ಕೆ.

ಅಂದು ರಾತ್ರಿಯ ಊಟಕ್ಕೆ ಮುದ್ದೆ ಕಟ್ಟಿದವಳು ಸೊಸೆ ಶ್ವೇತ. ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಆಕೆ ಮನೆಗೆ ಬಂದದ್ದೇ ತಡವಾಗಿತ್ತು.

"ಇನ್ಮೇಲೆ ಅತ್ತೆ ಒಲೆ ಮುಂದೆ ನಿಲ್ಲೋದು ಬೇಡ," ಎಂದಳು.

"ಶೆಡ್ಡಿಗೂ ಬೇಡ. ಓಡೋ ಮಗ್ಗದ ಮೇಲೆ ಬಿದ್ರೆ ಏನು ಗತಿ? ಈ ಸಲ ಹಾಸು ಕೂಡ್ಸೋಕೆ ಆಳು ಕರೆಸ್ತೀನಿ. ಗಂಟು ಹಾಕೋ ಮಷಿನ್ನೇ ಬಂದಿದೆ ಈಗ," ಎಂದ ರವಿಶಂಕರ್.

ಕೋದಂಡರಾಮಯ್ಯನವರು ತುತ್ತನ್ನು ತಟ್ಟೆಗಿಟ್ಟರು. "ತಾಯಿ ಸೀರೆಗೂ ಮಷಿನ್ನಾ?"

"ಅಮ್ಮನ ಜೀವಕ್ಕಿಂತ ಸೀರೆ ಹೆಚ್ಚಾ ಅಪ್ಪ?"

"ಹೆಚ್ಚು ಅಂತ ನಾನಂದ್ನಾ? ಶ್ವೇತ ಕೂಡಿಸ್ಲಿ. ಅವಳೂ ಹಿರಿ ಸೊಸೆಯೇ."

"ಮಾವ, ನನಗೆ ಸೂಜಿಗೆ ದಾರ ಪೋಣ್ಸೋಕೂ ಬರಲ್ಲ. ತಾಯೇ ಬೈತಾಳೆ ನನ್ನ."

ಮೂವರೂ ಒಬ್ಬರಿಗಿಂತ ಒಬ್ಬರು ಎತ್ತರದ ದನಿಯಲ್ಲಿ ಮಾತಾಡುತ್ತಿರುವಾಗ, ಆದಿಲಕ್ಷ್ಮಮ್ಮ ಉಪ್ಪಿನಕಾಯಿ ನೆಕ್ಕಿಕೊಂಡು, "ನನ್ನ ಕೆಲಸ ಹಂಚೋಕೆ ನಾನಿನ್ನೂ ಸತ್ತಿಲ್ಲ," ಎಂದಳು.

ಮರುವಾರ ರವಿಶಂಕರ್ ಅಪ್ಪ ಅಮ್ಮನನ್ನು ಬೆಂಗಳೂರಿನ ನರರೋಗದ ಡಾಕ್ಟರ ಬಳಿಗೆ ಕರೆದೊಯ್ದ. ತಲೆಯ ಸ್ಕ್ಯಾನು ಆಯಿತು. ಡಾಕ್ಟರು ಸಾವಧಾನದವರು. ಮಾತು ತೊದಲಿತೇ, ಒಂದು ಎರಡಾಗಿ ಕಂಡಿತೇ, ಕೈಕಾಲಿನ ಬಲ ಕುಂದಿತೇ ಎಂದು ಒಂದೊಂದಾಗಿ ಕೇಳಿದರು. ಯಾವುದೂ ಆಗಿರಲಿಲ್ಲ. "ಕಿವಿಯಲ್ಲಿ ಸದ್ದು ಏನಾದ್ರೂ?" ಎಂದಾಗ ಕೋದಂಡರಾಮಯ್ಯನವರು ಅದೇ ಉತ್ತರವನ್ನು ಅದೇ ನಗೆಯೊಡನೆ ಕೊಟ್ಟರು: "ಮಗ್ಗದ ಸದ್ದು ಸ್ವಾಮಿ. ನಮಗೆಲ್ಲ ಇರುತ್ತೆ." ಮೆದುಳಿನಲ್ಲಿ ದೋಷವಿಲ್ಲವೆಂಬ ಮಾತನ್ನು ಕೇಳಿಕೊಂಡು ಎಲ್ಲರೂ ಹಿಂತಿರುಗಿದರು. ದೋಷವಿಲ್ಲದ ಆ ತಲೆ ಯಲಹಂಕ ದಾಟುವುದರೊಳಗೆ ಮತ್ತೆ ತಿರುಗಿತು.

ಕಾರ್ತಿಕ ಮಾಸ ಮುಗಿಯುವ ಅಮಾವಾಸ್ಯೆ ಬಂತು. ಅಮಾವಾಸ್ಯೆಯಂದು ಈ ಮನೆಯಲ್ಲಿ ಮಗ್ಗ ಹೂಡುವುದಿಲ್ಲ. ಹಿಂದಿನ ಸಂಜೆಯೇ ನಿಲ್ಲಿಸಿ, ಬೆಳಗ್ಗೆ ನೂಲಿನ ಹೊಟ್ಟು ಗುಡಿಸಿ, ಮಗ್ಗಕ್ಕೆ ಅರಿಶಿನ ಕುಂಕುಮವಿಟ್ಟು, ಲಾಳಿಗೆ ಹೂ ಮುಡಿಸಿ, ಕರ್ಪೂರ ಬೆಳಗುತ್ತಾರೆ. ಬೀದಿಗೆ ಬೀದಿಯೇ ಮೌನವಾಗುತ್ತದೆ. ಶಬ್ದವು ಆಕಾಶದ ಗುಣವೆಂದು ಶಾಸ್ತ್ರಜ್ಞರು ಹೇಳುತ್ತಾರಷ್ಟೆ. ಆ ಬೀದಿಯವರಿಗೆ ಆಕಾಶವು ತನ್ನ ಗುಣವನ್ನು ಹಿಂದಕ್ಕೆ ಪಡೆಯುವ ದಿನ ಅದೊಂದೇ.

ಮಗ್ಗ ನಿಂತ ಮೇಲೂ ಅದರ ಸದ್ದು ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿಯುವುದು ನೇಯುವವರಿಗೆಲ್ಲ ತಿಳಿದ ಸಂಗತಿ. ಕರೆಂಟು ಹೋದಾಗ ಆದಿಲಕ್ಷ್ಮಮ್ಮನಿಗೂ ಹಾಗೆ ಆಗುತ್ತಿತ್ತು, ಅದನ್ನು ಯಾರೂ ಗಣಿಸುತ್ತಿರಲಿಲ್ಲ. ಅಂದು ಮಂಗಳಾರತಿಯಾಯಿತು, ಸದ್ದು ಉಳಿದಿತ್ತು. ಹೋಳಿಗೆಯ ಊಟವಾಯಿತು, ಉಳಿದಿತ್ತು. ಎಲೆಯಡಿಕೆ ಹಾಕಿಕೊಂಡು ಗೋಡೆಗೊರಗಿದಾಗ ಆಕೆ ಬಲಗಿವಿಯನ್ನು ಅಂಗೈಯಿಂದ ಮುಚ್ಚಿದಳು. ಸದ್ದು ಇತ್ತು, ಮನೆ ಇರಲಿಲ್ಲ. ಎಡಗಿವಿಯನ್ನು ಮುಚ್ಚಿದಳು. ಹಿತ್ತಲಿನ ಕಾಗೆ, ನಲ್ಲಿಯ ಹನಿ, ಗಂಡನ ಗೊರಕೆ ಎಲ್ಲವೂ ಇದ್ದವು, ಎಡಗಡೆ ಮಾತ್ರ ಯಾರೋ ಹೊಸ ಮಗ್ಗ ಹೂಡಿಕೊಂಡು ಕುಳಿತಂತೆ ಮೊರೆತ.

ಕೀರ್ತನ ಬಂದು ಎಡಕ್ಕೆ ಕುಳಿತು, ಅಜ್ಜಿಯ ಕಿವಿಗೆ ಬಾಯಿಟ್ಟು ಏನೋ ಗುಟ್ಟು ಹೇಳಿ, ಉತ್ತರಕ್ಕೆ ಕಾದಳು.

"ಅಜ್ಜಿ, ಕೊಡ್ತೀಯಾ ಇಲ್ವಾ?"

"ಏನು ಕೊಡ್ಲಿ?"

"ಈಗ ತಾನೆ ಹೇಳ್ದೆ. ಇನ್ನೊಂದು ಹೋಳಿಗೆ."

ಆದಿಲಕ್ಷ್ಮಮ್ಮ ಎದ್ದು ಹೋಳಿಗೆ ಕೊಟ್ಟು, ಪಾತ್ರೆ ತೊಳೆಯುತ್ತಿದ್ದ ಸೊಸೆಯ ಬಲಕ್ಕೆ ನಿಂತಳು. ಹಾಗೆ ನಿಂತರೆ ತನ್ನ ಎಡಗಿವಿಯೇ ಸೊಸೆಯ ಕಡೆಗಾಗುವುದನ್ನು ಕಂಡು, ಸುತ್ತಿಬಂದು ಆಚೆ ಪಕ್ಕಕ್ಕೆ ನಿಂತಳು.

"ಶ್ವೇತ, ಇವತ್ತು ಮಗ್ಗ ನಿಂತಿದೆಯಲ್ಲ?"

"ಹೂಂ ಅತ್ತೆ. ಅಮಾವಾಸ್ಯೆ."

"ನನ್ನ ಎಡಗಿವೀದು ನಿಂತಿಲ್ಲ ಕಣಮ್ಮ. ತಲೆ ತಿರುಗೋಕೆ ಮುಂಚೆ ಅದು ಇನ್ನೂ ಜೋರಾಗುತ್ತೆ. ಹತ್ತಿ ತುರುಕಿದಂಗೆ ಕಿವಿ ಕಟ್ಟುತ್ತೆ, ಆಮೇಲೆ ತಿರುಗುತ್ತೆ. ಪ್ರತಿ ಸಲ ಹಂಗೇ."

ಶ್ವೇತ ನಲ್ಲಿ ನಿಲ್ಲಿಸಿದಳು. "ಇದನ್ನ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

"ನನ್ನ ಯಾರು ಕೇಳಿದ್ರು? ಕೇಳಿದಾಗೆಲ್ಲ ನಿಮ್ಮ ಮಾವ ಹೇಳಿದ್ರು. ಈ ಮನೇಲಿ ಎಲ್ಲರ ಕಿವೀನೂ ಒಂದೇ ಅಂತ ನಾನೂ ಅಂದ್ಕೊಂಡಿದ್ದೆ."

ಸಂಜೆಯ ದೀಪ ಹಚ್ಚಿದ ಮೇಲೆ ಶ್ವೇತ ಮಾತು ತೆಗೆದಳು. ಸುತ್ತೂ ಸದ್ದೂ ಕಿವಿ ಕಟ್ಟುವುದೂ ಒಟ್ಟಿಗೆ ಬರುವುದಾದರೆ ನೋಡಬೇಕಾದವರು ಕಿವಿ, ಮೂಗು, ಗಂಟಲಿನ ಡಾಕ್ಟರೆಂದಳು.

"ತಲೆ ತಿರುಗಿದ್ರೆ ಕಿವಿ ತೋರಿಸೋದಾ?" ಎಂದರು ಕೋದಂಡರಾಮಯ್ಯನವರು. "ಕಾಲು ನೋವಿಗೆ ಹಲ್ಲು ತೋರಿಸಿದಂಗೆ."

"ತಲೆ ತೋರಿಸಿ ಆಯ್ತಲ್ಲ ಮಾವ. ತಲೇಲಿ ಏನೂ ಇಲ್ಲ ಅಂದ್ರು."

"ಅದು ನನಗೆ ಮೊದಲೇ ಗೊತ್ತಿತ್ತು," ಎಂದ ರವಿಶಂಕರ್. ಅಮ್ಮ ಕಣ್ಣು ಕೆಕ್ಕರಿಸಿದಳು, ಅವನು ತಲೆ ತಗ್ಗಿಸಿದ.

ಕೋದಂಡರಾಮಯ್ಯನವರು ನಗಲಿಲ್ಲ. "ನಮ್ಮ ಬೀದಿ ಬೈರಣ್ಣ ಕಿವಿ ಡಾಕ್ಟ್ರ ಹತ್ರ ಹೋದ. ಏನಂದ್ರು? ಮಗ್ಗ ಬಿಡು ಅಂದ್ರು. ಬಿಟ್ಟ. ಈಗ ಸೋಂಪುರದಲ್ಲಿ ಯಾವುದೋ ಫ್ಯಾಕ್ಟರಿ ಗೇಟು ಕಾಯ್ತಾನೆ. ನಾಳೆ ಇವಳನ್ನೂ ಮಗ್ಗದ ಮನೆ ಬಿಡು ಅಂತಾರೆ. ಆಗ ತಾಯಿ ಸೀರೆಗೆ ಏನು ಮಾಡ್ತೀರ?"

ಗಂಡನ ಹಟದ ಬೇರು ಎಲ್ಲಿದೆಯೆಂಬುದು ಆದಿಲಕ್ಷ್ಮಮ್ಮನಿಗೆ ಆಗ ತಿಳಿಯಿತು. ಅದೇ ಭಯ ತನ್ನಲ್ಲಿಯೂ ಇತ್ತು. ಆದರೂ ಎಳೆಯ ತುದಿ ಕೈಗೆ ಸಿಕ್ಕ ಮೇಲೆ ಬಿಡುವುದು ಆಕೆಯ ಅಭ್ಯಾಸವಲ್ಲ.

"ಬಿಡು ಅಂದ್ರೆ ನನಗನ್ನಲಿ," ಎಂದಳು. "ಉತ್ತರ ನಾನು ಕೊಡ್ತೀನಿ. ನೀವು ಜೊತೆಗೆ ಬನ್ನಿ, ಸುಮ್ನಿರಿ."

ಕಿವಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮೊದಲು ಆದಿಲಕ್ಷ್ಮಮ್ಮನ ಬಾಯಿಂದಲೇ ಎಲ್ಲವನ್ನೂ ಕೇಳಿಕೊಂಡು, ಕಿವಿಯೊಳಗೆ ದೀಪ ಹಾಯಿಸಿ ನೋಡಿ, ಕೇಳುವ ಶಕ್ತಿಯ ಪರೀಕ್ಷೆಗೆ ಕಳಿಸಿದರು. ಪರೀಕ್ಷೆ ಮಾಡುವ ಹುಡುಗಿ ಪ್ರಿಯಾಂಕ ಆದಿಲಕ್ಷ್ಮಮ್ಮನನ್ನು ಒಂದು ಚಿಕ್ಕ ಗಾಜಿನ ಕಿಟಕಿಯ ಕೋಣೆಯಲ್ಲಿ ಕೂರಿಸಿ, ಕಿವಿಗಳ ಮೇಲೆ ದಪ್ಪನೆಯ ಬಟ್ಟಲುಗಳನ್ನು ಕೂರಿಸಿದಳು. "ಪೀಂ ಅಂತ ಸಣ್ಣಗೆ ಕೇಳ್ಸುತ್ತೆ ಅಜ್ಜಿ. ಕೇಳಿಸಿದಾಗೆಲ್ಲ ಬೆರಳೆತ್ತಿ. ಕೇಳ್ಸದಿದ್ರೆ ಸುಮ್ನಿರಿ."

ಬಾಗಿಲು ಮುಚ್ಚಿತು. ಗಾಜಿನಾಚೆ ಪ್ರಿಯಾಂಕ, ಅವಳ ಹಿಂದೆ ಕುರ್ಚಿಯಲ್ಲಿ ಕೋದಂಡರಾಮಯ್ಯನವರು. ಬಲಗಿವಿಯ ಪರೀಕ್ಷೆ ಸುಲಭವಾಗಿ ಮುಗಿಯಿತು. ಎಡಗಿವಿಯದು ಶುರುವಾದಾಗ ಮೊರೆತದ ಹೊರತು ಮತ್ತೇನೂ ಇರಲಿಲ್ಲ. ಆಕೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು.

ಆಗ ಗಾಜಿನಾಚೆ ಗಂಡನ ತೋರುಬೆರಳು ಮೇಲೆದ್ದಿತು. ಎಳೆ ಕಡಿದಿದೆಯೆಂಬ ಸನ್ನೆ. ನಲವತ್ತು ವರ್ಷ ಆ ಬೆರಳಿಗೆ ಓಗೊಟ್ಟ ಆಕೆಯ ಬೆರಳು ತಾನಾಗಿ ಎದ್ದಿತು. ಪ್ರಿಯಾಂಕ ಗುರುತು ಹಾಕಿಕೊಂಡಳು. ಸದ್ದು ಬಿಟ್ಟಾಗ ಯಂತ್ರದ ಮೇಲೊಂದು ಪುಟ್ಟ ದೀಪ ಹೊತ್ತುತ್ತಿತ್ತು, ಹೊತ್ತಿದಾಗಲೆಲ್ಲ ಕೋದಂಡರಾಮಯ್ಯನವರ ಬೆರಳು ಏಳುತ್ತಿತ್ತು. ಅವರ ಮುಖದಲ್ಲಿ ಕಪಟವಿರಲಿಲ್ಲ. ಹೆಂಡತಿಯ ಕೈ ತಪ್ಪಿದ ಎಳೆಯನ್ನು ತೋರಿಸಿಕೊಡುತ್ತಿದ್ದೇನೆ ಎಂಬ ಶ್ರದ್ಧೆಯೇ ಇತ್ತು. ಹೀಗೆಯೇ ನಡೆದರೆ ಕಿವಿ ಸರಿಯಾಗಿದೆಯೆಂಬ ಚೀಟಿ ಸಿಕ್ಕುತ್ತದೆ, ಯಾರೂ ಮಗ್ಗ ಬಿಡು ಎನ್ನುವುದಿಲ್ಲ, ಸೀರೆಯ ಹಾಸು ತನ್ನದೇ ಆಗಿ ಉಳಿಯುತ್ತದೆ ಎಂದು ಆಕೆಗೂ ಹೊಳೆಯಿತು.

ಆದಿಲಕ್ಷ್ಮಮ್ಮ ಮುಂದಿನ ದೀಪಕ್ಕೆ ಬೆರಳೆತ್ತಲಿಲ್ಲ. ಅಂಗೈಯನ್ನು ಅಗಲಿಸಿ ಗಾಜಿನ ಕಡೆಗೆ ಹಿಡಿದಳು. ಮಗ್ಗ ನಿಲ್ಲಿಸು.

ಪ್ರಿಯಾಂಕ ಬಾಗಿಲು ತೆರೆದಳು. "ಏನಾಯ್ತು ಅಜ್ಜಿ?"

"ಈ ಕಿವೀದು ಮೊದಲಿಂದ ಮಾಡಮ್ಮ. ಅಲ್ಲಿ ಕೂತಿದಾರಲ್ಲ ನಮ್ಮ ಯಜಮಾನ್ರು, ನನಗೆ ಕೇಳಿಸಬೇಕಾದ್ದನ್ನ ಅವರು ಹೇಳ್ಕೊಡ್ತಿದಾರೆ. ಗೋಡೆ ಕಡೆ ತಿರುಗಿಸಿ ಕೂರ್ಸು ಅವರನ್ನ."

"ತಾತ," ಎಂದಳು ಪ್ರಿಯಾಂಕ, ನಗು ತಡೆದುಕೊಂಡು, "ಕಾಪಿ ಹೊಡಿಸ್ತಿದ್ರಾ?"

ಬೀದಿಯ ಪಂಚಾಯಿತಿಯಲ್ಲಿ ಮೊದಲ ಮಾತು ಆಡುವ ಕೋದಂಡರಾಮಯ್ಯನವರು ಕುರ್ಚಿಯನ್ನು ಎತ್ತಿ, ಗೋಡೆಗೆ ಮುಖ ಮಾಡಿ ಕುಳಿತರು. ಎಡಗಿವಿಯ ಪರೀಕ್ಷೆ ಮೊದಲಿನಿಂದ ಆಯಿತು. ಕೇಳದ ಕಡೆಯೆಲ್ಲ ಆದಿಲಕ್ಷ್ಮಮ್ಮ ಕೈಯನ್ನು ತೊಡೆಯ ಮೇಲೆಯೇ ಇಟ್ಟುಕೊಂಡಳು.

ಡಾಕ್ಟರಮ್ಮ ಎರಡು ಗೆರೆಗಳ ಚಿತ್ರವನ್ನು ಮೇಜಿನ ಮೇಲೆ ಹರಡಿದರು. "ಇದು ಬಲಗಿವಿ. ಇಲ್ಲಿ ತಗ್ಗಿದೆಯಲ್ಲ, ಇದು ಮಗ್ಗದ ಗುರುತು. ಯಜಮಾನ್ರೇ, ನಿಮ್ಮ ಕಿವೀಲೂ ಇದು ಇರುತ್ತೆ. ಎಡಗಿವೀದು ಇದಲ್ಲ, ಬೇರೆ. ಕಿವಿ ಒಳಗಡೆ ನೀರು ತುಂಬಿ ಒತ್ತಡ ಆಗೋ ಕಾಯಿಲೆ, ಮೆನಿಯರ್ ಅಂತಾರೆ. ಸದ್ದು, ಕಿವಿ ಕಟ್ಟೋದು, ಸುತ್ತು, ಎಲ್ಲಾ ಅದರದ್ದೇ. ಅಮ್ಮ ಇಷ್ಟು ಸರಿಯಾಗಿ ಹೇಳಿದ್ದಕ್ಕೆ ಬೇಗ ಗೊತ್ತಾಯ್ತು."

"ಮಗ್ಗದಿಂದ ಬಂದಿದ್ದಾ?" ಕೋದಂಡರಾಮಯ್ಯನವರ ದನಿ ಎಂದಿಗಿಂತ ಸಣ್ಣದಾಗಿತ್ತು.

"ಮಗ್ಗದಿಂದ ಅಲ್ಲ. ಆದ್ರೆ ಉಳಿದಿರೋ ಕಿವೀನ ಮಗ್ಗಕ್ಕೆ ಕೊಡಬೇಡಿ. ಶೆಡ್ಡಿಗೆ ಹೋಗೋರೆಲ್ಲ ಕಿವಿಗೆ ಸದ್ದು ತಡೆಯೋ ಬೆಣೆ ಹಾಕ್ಕೊಳ್ಳಿ. ಅಮ್ಮ ಓಡೋ ಮಗ್ಗದ ಹತ್ರ ಹೋಗಬಾರದು. ಮಾತ್ರೆ ತಪ್ಪಿಸಬಾರದು. ಉಪ್ಪು, ಉಪ್ಪಿನಕಾಯಿ, ಹಪ್ಪಳ, ಕಾಫಿ ಎಲ್ಲಾ ಕಡಿಮೆ. ಸುತ್ತು ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲ, ಹತೋಟಿಗೆ ಬರುತ್ತೆ."

"ನಿಂತ ಮಗ್ಗದ ಹತ್ರ?" ಎಂದಳು ಆದಿಲಕ್ಷ್ಮಮ್ಮ.

ಡಾಕ್ಟರಮ್ಮ ಆಕೆಯ ಬೂದಿಬಣ್ಣದ ಬೆರಳ ತುದಿಗಳನ್ನು ನೋಡಿದರು. "ನಿಂತ ಮಗ್ಗದ ಹತ್ರ ನೆಲದ ಮೇಲೆ ಕೂರಬಹುದು. ಪಕ್ಕದಲ್ಲಿ ಒಬ್ಬರಿರಬೇಕು. ಕಿವಿ ಕಟ್ಟಿದ ತಕ್ಷಣ ಮಲಗಿಬಿಡಬೇಕು."

ಮನೆಯಲ್ಲಿ ಉಪ್ಪಿನ ಜಗಳ ಶುರುವಾಯಿತು. ಶ್ವೇತ ಅಡಿಗೆಗೆ ಉಪ್ಪನ್ನು ಸೋಕಿಸಿ, ಬೇಕಾದವರಿಗೆ ತಟ್ಟೆಯಂಚಿಗೆ ಬಡಿಸತೊಡಗಿದಳು. ರವಿಶಂಕರ್ ಮೊದಲ ದಿನವೇ, "ಹುರುಳಿಸಾರಿಗೆ ಈ ಗತಿ ಬರಬಾರದಿತ್ತು," ಎಂದು ಗೊಣಗಿದ. ಆದಿಲಕ್ಷ್ಮಮ್ಮ ಕದ್ದು ಮಾವಿನಕಾಯಿಯ ಜಾಡಿಗೆ ಕೈ ಹಾಕಿ ಮೊಮ್ಮಗಳಿಗೆ ಸಿಕ್ಕಿಬಿದ್ದಳು. ಮರುದಿನ ಕೋದಂಡರಾಮಯ್ಯನವರು ಸ್ನಾನ ಸಂಧ್ಯೆ ಮುಗಿಸಿ, ಏಣಿ ಹಾಕಿ, ಜಾಡಿಗಳನ್ನು ತಾವೇ ಅಟ್ಟಕ್ಕೇರಿಸಿದರು. ಕೆಂಪರಾಜು ಊಟದ ಹೊತ್ತಿಗೆ ಬಂದು ಉಪ್ಪಿನಕಾಯಿ ಕೇಳಿದಾಗ, "ನಮ್ಮನೇಲಿ ವ್ರತ ಹಿಡಿದಿದೀವಿ," ಎಂದರು.

"ಯಾವ ವ್ರತ ಅಣ್ಣ?"

"ಉಪ್ಪಿನ ವ್ರತ. ಮನೆಯವರೆಲ್ಲ."

"ಉದ್ಯಾಪನೆ ಯಾವಾಗ?"

"ಇದಕ್ಕೆ ಉದ್ಯಾಪನೆ ಇಲ್ಲ ಕಣಯ್ಯ."

ತಾಯಿಯ ಸೀರೆಯ ಹಾಸು ಕೂಡಿಸುವ ದಿನ ರವಿಶಂಕರ್ ಆರೂ ಮಗ್ಗಗಳನ್ನು ನಿಲ್ಲಿಸಿದ. ವ್ಯಾಪಾರಿಯ ಸೀರೆಗಳು ಬಾಕಿಯಿದ್ದವು. ಫೋನು ಬಂದಾಗ, "ಇವತ್ತು ಅಮ್ಮ ಕೂತಿದಾರೆ, ಮಗ್ಗ ಹೂಡಲ್ಲ," ಎಂದಷ್ಟೇ ಹೇಳಿದ. ಅಮಾವಾಸ್ಯೆಯಲ್ಲದ ದಿನ ಆ ಶೆಡ್ಡಿನಲ್ಲಿ ಹಗಲಿಡೀ ಮೌನವನ್ನು ಯಾರೂ ಕಂಡಿರಲಿಲ್ಲ. ಆದಿಲಕ್ಷ್ಮಮ್ಮ ತಲೆಗೆ ನೀರು ಹಾಕಿಕೊಂಡು, ಬೂದಿಯ ಬಟ್ಟಲನ್ನು ಬಲಕ್ಕಿಟ್ಟುಕೊಂಡು ಕುಳಿತಳು. ಕೋದಂಡರಾಮಯ್ಯನವರು ಪಕ್ಕದಲ್ಲಿ ಚಾಪೆ ಹಾಸಿಕೊಂಡರು. ಬೆಳಗು ಮಧ್ಯಾಹ್ನವಾಯಿತು. ಎಳೆಗೆ ಎಳೆ ಕೂಡುತ್ತ ಹೋಯಿತು, ಹಸುರು ರೇಷ್ಮೆಗೆ ಹಸುರು, ಅಂಚಿನ ಕೆಂಪಿಗೆ ಕೆಂಪು.

ಅರ್ಧ ದಾಟಿದಾಗ ಎಡಗಿವಿ ಕಟ್ಟಿತು.

ಆಕೆ ಅಂಗೈ ಅಗಲಿಸಿದಳು. ಕೋದಂಡರಾಮಯ್ಯನವರು ಆಕೆಯ ಹೆಗಲು ಹಿಡಿದು ಚಾಪೆಯ ಮೇಲೆ ಮಲಗಿಸಿದರು. ಬಾಗಿಲಲ್ಲಿದ್ದ ರವಿಶಂಕರ್ ಓಡಿಬಂದ. "ಸಾಕು ಅಮ್ಮ. ಉಳಿದಿದ್ದು ಯಾರಾದ್ರೂ ಮಾಡ್ತಾರೆ. ತಾಯಿ ಏನೂ ಅಂದ್ಕೊಳಲ್ಲ."

ಕಣ್ಣು ಮುಚ್ಚಿಕೊಂಡೇ ಆಕೆ ಬಲಗೈ ಎತ್ತಿ ತೋರಿಸಿದಳು. ಮುಂದೆ ಕೂಡಬೇಕಾಗಿದ್ದ ಎಳೆಯ ತುದಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇತ್ತು.

"ಎಳೆ ಬಿಟ್ಟಿಲ್ಲ," ಎಂದಳು. "ಬಿಟ್ಟ ಮೇಲೆ ಹೇಳು."

ಮಗ್ಗ ತಿರುಗಿತು, ಸೂರು ತಿರುಗಿತು, ಒಮ್ಮೆ ಹೊಟ್ಟೆ ತೊಳಸಿತು. ಶ್ವೇತ ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು. ಕೋದಂಡರಾಮಯ್ಯನವರು ದೇವಿಯ ನಾಮಗಳನ್ನು ಹೇಳತೊಡಗಿದರು. ನಾಮಾವಳಿ ಮುಗಿದರೆ ಮತ್ತೆ ಮೊದಲಿನಿಂದ. ಹಿಂದಿನ ಸಲಗಳಿಗಿಂತ ಬೇಗನೆ ಸುತ್ತು ಇಳಿಯಿತು. ಆದಿಲಕ್ಷ್ಮಮ್ಮ ಎದ್ದು ಕುಳಿತು, ನೀರು ಕುಡಿದು, ಬೂದಿ ಮುಟ್ಟಿಕೊಂಡು, ಹಿಡಿದಿದ್ದ ಎಳೆಯನ್ನು ಅದರ ಜೊತೆಯ ಎಳೆಗೆ ಹೊಸೆದಳು. ದೀಪ ಹಚ್ಚುವ ಹೊತ್ತಿಗೆ ಹಾಸು ಪೂರ್ತಿಯಾಗಿತ್ತು. ರವಿಶಂಕರ್ ಅಂಗೈಯಿಂದ ಅದನ್ನು ಸವರಿ ನೋಡಿದ. ಒಂದೆಡೆಯೂ ಗಂಟು ಸಿಕ್ಕಲಿಲ್ಲ. ಮರುದಿನದಿಂದ ಅವನು ಕಿವಿಗೆ ಬೆಣೆ ಹಾಕಿಕೊಂಡೇ ಆ ಸೀರೆಯನ್ನು ನೇಯ್ದ, ಅವನಪ್ಪನೂ ಬೆಣೆಯಿಲ್ಲದೆ ಶೆಡ್ಡಿಗೆ ಹೋಗಲಿಲ್ಲ.

ಬನದ ಹುಣ್ಣಿಮೆಯ ಬೆಳಗ್ಗೆ ಗುಡಿ ತುಂಬಿತ್ತು. ಹರಿವಾಣದಲ್ಲಿ ಸೀರೆಯಿಟ್ಟುಕೊಂಡು ಕೋದಂಡರಾಮಯ್ಯನವರು ಗರ್ಭಗುಡಿಯ ಮುಂದೆ ನಿಂತರು. ಆದಿಲಕ್ಷ್ಮಮ್ಮ ಪ್ರತಿ ವರ್ಷದಂತೆ ಅವರ ಬಲಗಡೆ ನಿಂತಳು.

"ಯಾರ ಮನೆ ಸೀರೆ?" ಎಂದು ಅರ್ಚಕರು ಕೇಳಿದರು. ಎಲ್ಲರಿಗೂ ಗೊತ್ತಿದ್ದರೂ ಕೇಳುವುದು ಪದ್ಧತಿ. ಉತ್ತರವಾಗಿ ಮನೆಯ ಯಜಮಾನ ತನ್ನ ತಾತನ ಹೆಸರು, ತಂದೆಯ ಹೆಸರು, ತನ್ನ ಹೆಸರು ಹೇಳುವುದೂ ಪದ್ಧತಿ.

ಕೋದಂಡರಾಮಯ್ಯನವರು ಹೇಳಲಿಲ್ಲ. ಹರಿವಾಣ ಹಿಡಿದುಕೊಂಡೇ ಹೆಂಡತಿಯ ಹಿಂದಿನಿಂದ ಸುತ್ತಿಬಂದು ಆಕೆಯ ಬಲಕ್ಕೆ ನಿಂತರು. ಜನ ಮುಖ ಮುಖ ನೋಡಿಕೊಂಡರು. ಅರ್ಚಕರು, "ಯಾಕೆ ರಾಮಯ್ಯ, ಜಾಗ ಬದಲಾಯ್ತು?" ಎಂದರು.

"ಇವಳಿಗೆ ಈ ಕಡೆಯಿಂದ ಕೇಳ್ಸುತ್ತೆ," ಎಂದರು ಅವರು. ಆಮೇಲೆ ತಾತನ ಹೆಸರು ಹೇಳಿದರು, ತಂದೆಯ ಹೆಸರು ಹೇಳಿದರು, ತಮ್ಮದನ್ನು ಹೇಳಿದರು. ಅಲ್ಲಿಗೆ ನಿಲ್ಲಿಸದೆ, ಮಗ್ಗದ ಮನೆಯ ಪೂರ್ಣ ಕಂಠದಲ್ಲಿ, ಬೀದಿಗೆಲ್ಲ ಮುಟ್ಟುವಂತೆ ಹೇಳಿದರು: "ಹಾಸು ಕೂಡಿಸಿದವಳು ಆದಿಲಕ್ಷ್ಮಮ್ಮ."

ಆದಿಲಕ್ಷ್ಮಮ್ಮ ಕೈಮುಗಿದುಕೊಂಡು, ದೇವಿಯಿಂದ ಕಣ್ಣು ತೆಗೆಯದೆ, ಮೆಲ್ಲಗೆ ಹೇಳಿದಳು:

"ಅಷ್ಟು ಜೋರಾಗಿ ಯಾಕ್ರೀ. ಕೇಳಿಸ್ತು."